ಚಟದ ಖರ್ಚು ಬಾಟಲಿಯ ರೇಟಿಗೆ ಮುಗಿಯಲ್ಲ

ಅಕ್ಕಂದಿರೇ, ಅಣ್ಣಂದಿರೇ, ಹಿಂದೆ ನಿಂತಿರುವ ಕಾಲೇಜು ಹುಡುಗರೇ,

ಕುಡಿತಕ್ಕೆ, ಗಾಂಜಾಕ್ಕೆ, ಮಾತ್ರೆ ಚಟಕ್ಕೆ ಎಷ್ಟು ಖರ್ಚಾಗುತ್ತೆ ಅಂತ ಕೇಳಿದರೆ ಎಲ್ಲರೂ ಬಾಟಲಿ, ಪ್ಯಾಕೆಟ್ಟಿನ ರೇಟು ಹೇಳುತ್ತಾರೆ. ಇಡೀ ಲೆಕ್ಕದಲ್ಲಿ ಅದೇ ಚಿಕ್ಕ ಬಾಬತ್ತು. ರೇಷ್ಮೆ ಬೆಳೆಯುವ ಶಿಡ್ಲಘಟ್ಟದವರಿಗೆ ಇದನ್ನು ಹುಳುಮನೆಯಿಂದಲೇ ಹೇಳಬಹುದು.

ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಎದ್ದ ಮೇಲೆ ಹುಳ ಹೇಗೆ ಮೇಯುತ್ತೆ ಅಂತ ನಿಮಗೇ ಗೊತ್ತು. ಒಂದು ಬೆಳೆಯ ಹಿಪ್ಪುನೇರಳೆ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಒಂದು ವಾರದಲ್ಲೇ ಖಾಲಿ. ಆಗ ಮನೆಯ ಗಂಡಸು ರಾತ್ರಿ ಕುಡಿದು ಬಿದ್ದರೆ ಬೆಳಿಗ್ಗೆ ಸೊಪ್ಪು ಕೊಯ್ಯೋರು ಯಾರು? ಹೆಂಡತಿ ಕೊಯ್ಯುತ್ತಾಳೆ, ಅವಳೇ ಹೊರುತ್ತಾಳೆ. ಗೂಡು ಕಟ್ಟಲು ಹಣ್ಣಾದ ಹುಳ ಆಯ್ದು ಚಂದ್ರಿಕೆ ತಟ್ಟೆಗೆ ಬಿಡುವ ದಿನ ಮಗಳಿಗೆ ಶಾಲೆ ತಪ್ಪುತ್ತೆ. ಕೈ ಸಾಲದೆ ತಡವಾದರೆ ಹುಳ ಕಾಯುತ್ತಾ? ಸೊಪ್ಪಿನ ಮಧ್ಯೆಯೇ ಗೂಡು ಕಟ್ಟಿಬಿಡುತ್ತೆ. ಮಾರ್ಕೆಟ್ಟಿನಲ್ಲಿ ಆ ಗೂಡಿಗೆ ರೇಟಿಲ್ಲ. ಸಾಕಲು ತಂದ ಚಾಕಿ ಹುಳದ, ಅಂದರೆ ಮರಿಹುಳದ, ಬಾಕಿ ಹಾಗೇ ಉಳಿಯುತ್ತೆ, ಹಾಲಿನ ಬಟವಾಡೆ ಬಡ್ಡಿಗೆ ಹೋಗುತ್ತೆ. ಮಗಳಿಗೆ ತಪ್ಪಿದ ಪಾಠವನ್ನಂತೂ ಯಾರೂ ಖರ್ಚು ಅಂತ ಬರೆದಿಡಲ್ಲ.

ಇದಕ್ಕಿಂತ ದೊಡ್ಡ ಖರ್ಚು ತಡ ಮಾಡೋದು. ಮರ್ಯಾದೆಗೆ ಅಂಜಿ ವರ್ಷಗಟ್ಟಲೆ ಮುಚ್ಚಿಡುತ್ತೇವೆ. 2019ರಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಕುಡಿತದ ಚಟ ಅಂಟಿದ 38 ಜನರಲ್ಲಿ ಒಬ್ಬರಿಗಷ್ಟೇ ಯಾವುದೋ ಒಂದು ಚಿಕಿತ್ಸೆ ಸಿಕ್ಕಿತ್ತು. ಉಳಿದ 37 ಮನೆಗಳಲ್ಲಿ ಏನು ನಡೆಯುತ್ತೆ? ಹರಕೆ, ಆಣೆ, ಜಗಳ. ಕೊನೆಗೆ ರೂಮಿಗೆ ಹಾಕಿ ಬೀಗ.

ಆಣೆ ಇಟ್ಟು ಬಿಟ್ಟವರೂ ಇದ್ದಾರೆ, ಇಲ್ಲ ಅನ್ನಲ್ಲ. ಆದರೆ ಬೆಳಿಗ್ಗೆ ಎದ್ದ ಕೂಡಲೇ ಕುಡಿಯದಿದ್ದರೆ ಕೈ ನಡುಗುವ ಮನುಷ್ಯನಿಗೆ ಒಮ್ಮೆಲೇ ನಿಲ್ಲಿಸಬೇಡಿ. ಮೊದಲೆರಡು ದಿನದಲ್ಲಿ ಫಿಟ್ಸ್ ಬರಬಹುದು. ಆಮೇಲೆ ಇಲ್ಲದ್ದು ಕಾಣಬಹುದು, ಜ್ವರ ಏರಬಹುದು. ಜೀವವೇ ಹೋಗಬಹುದು. ಜನ ‘ಗಾಳಿ ಮೆಟ್ಟಿದೆ’ ಅಂತ ಮಂತ್ರ ಹಾಕಿಸೋದು ಈ ಹೊತ್ತಿನಲ್ಲೇ! ಇವರಿಗೆ ಆಸ್ಪತ್ರೆಯಲ್ಲಿ ಔಷಧಿ ಕೊಟ್ಟೇ ಬಿಡಿಸಬೇಕು.

ಗೋಡೆ ಮೇಲಿನ ಜಾಹೀರಾತು ನೋಡಿ ಊಟದ ಸಾರಿನಲ್ಲಿ ಗುಟ್ಟಾಗಿ ಪುಡಿ, ಮಾತ್ರೆ ಬೆರೆಸೋದಂತೂ ಬೇಡವೇ ಬೇಡ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಅನ್ನುವ ಮಾತ್ರೆ ಹೊಟ್ಟೆಯಲ್ಲಿರುವಾಗ ಕುಡಿದರೆ ಎದೆ ಹೊಡೆದುಕೊಳ್ಳುತ್ತೆ, ವಾಂತಿಯಾಗುತ್ತೆ, ಬಿಪಿ ಕುಸಿಯಬಹುದು. ಅದನ್ನು ರೋಗಿಗೆ ಹೇಳಿ, ಅವರು ಒಪ್ಪಿದ ಮೇಲೆ ವೈದ್ಯರೇ ಕೊಡಬೇಕು.

ಹುಡುಗರಿಗೆ ಒಂದು ಮಾತು. ಅಫೀಮಿನ ಜಾತಿಯ ನೋವಿನ ಮಾತ್ರೆ, ಇಂಜೆಕ್ಷನ್ ಕೆಲವು ದಿನ ಬಿಟ್ಟು ಮತ್ತೆ ಹಳೇ ಡೋಸೇ ತಗೊಂಡರೆ ಉಸಿರೇ ನಿಲ್ಲಬಹುದು. ಅಷ್ಟು ದಿನದಲ್ಲಿ ದೇಹಕ್ಕೆ ಆ ಡೋಸು ತಡೆಯುವ ಶಕ್ತಿ ಹೋಗಿರುತ್ತೆ.

ಪೊಲೀಸರ ಭಯಕ್ಕೆ ಆಸ್ಪತ್ರೆಗೆ ಬರದವರೂ ಇದ್ದಾರೆ. 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಂ ಕೇಳಿಸಿಕೊಳ್ಳಿ. ಸೇವನೆಗೋ ಅಲ್ಪ ಪ್ರಮಾಣ ಇಟ್ಟುಕೊಂಡಿದ್ದಕ್ಕೋ ಸಿಕ್ಕಿಬಿದ್ದ ವ್ಯಸನಿ, ತಾನಾಗಿ ಮಾನ್ಯತೆ ಇರುವ ಕಡೆ ಪೂರ್ತಿ ಚಿಕಿತ್ಸೆ ಪಡೆದರೆ ಆ ಕೇಸಿನಿಂದ ಅವನಿಗೆ ರಕ್ಷಣೆ ಉಂಟು. ಅರ್ಧಕ್ಕೆ ಬಿಟ್ಟರೆ ಅದು ಹೋಗಬಹುದು.

14446 ಬರೆದುಕೊಳ್ಳಿ, ಉಚಿತ ಸಹಾಯವಾಣಿ. ಚಟ ಇರುವವರೇ ಫೋನ್ ಮಾಡಬೇಕಿಲ್ಲ. ಅವರು ಆಸ್ಪತ್ರೆಗೆ ಬರಲ್ಲ ಅಂದರೆ ಮೊದಲ ಸಲ ನೀವೇ ಹೋಗಿ. ದಿನಕ್ಕೆ ಎಷ್ಟು ಕುಡಿಯುತ್ತಾರೆ, ಕೈ ನಡುಗುತ್ತಾ, ಹಿಂದೆ ಫಿಟ್ಸ್ ಬಂದಿತ್ತಾ, ಬೇರೆ ಯಾವ ಮಾತ್ರೆ ನುಂಗುತ್ತಾರೆ, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಡಾಕ್ಟರಿಗೆ ಅರ್ಧ ಕೆಲಸ ಮುಗಿದಂತೆ.

ಈಗ ನೀವು ಕೇಳಿ. ಎಲ್ಲರೆದುರು ಬೇಡ ಅನ್ನಿಸಿದರೆ ಆಮೇಲೆ ಬನ್ನಿ, ಇಲ್ಲೇ ಇರುತ್ತೇನೆ.