ನಕಲಿ ಖಾತೆಯ ಪತ್ತೆಗೆ ಎಷ್ಟು ನೋಡಬೇಕು?

ಆತ್ಮೀಯರೇ,

ನಕಲಿ ಖಾತೆಗಳ ಮಾತು ಬಂದಾಗಲೆಲ್ಲ ಮೊದಲು ಕೇಳಿಬರುವ ಸಲಹೆಯೆಂದರೆ, ಗುರುತಿನ ಚೀಟಿ ನೋಡಿಯೇ ಜನರನ್ನು ಒಳಗೆ ಬಿಡಬೇಕು ಎಂಬುದು. ದಕ್ಷಿಣ ಕೊರಿಯಾ ಇದನ್ನು ಮಾಡಿ ನೋಡಿತು. 2007ರಿಂದ ಅಲ್ಲಿನ ದೊಡ್ಡ ಜಾಲತಾಣಗಳಲ್ಲಿ ಬರೆಯುವವರು ಮೊದಲು ತಮ್ಮ ಗುರುತನ್ನು ದೃಢಪಡಿಸಬೇಕಿತ್ತು. 2011ರ ಜುಲೈನಲ್ಲಿ ನೇಟ್ ಮತ್ತು ಸೈವರ್ಲ್ಡ್ ತಾಣಗಳಿಗೆ ಕನ್ನ ಬಿದ್ದು ಸುಮಾರು 3.5 ಕೋಟಿ ಬಳಕೆದಾರರ ವಿವರಗಳು ಸೋರಿಹೋದವು. ಆ ದೇಶದ ಜನಸಂಖ್ಯೆಯೇ ಸುಮಾರು 5 ಕೋಟಿ. ಮರುವರ್ಷ ಅಲ್ಲಿನ ಸಂವಿಧಾನ ನ್ಯಾಯಾಲಯವು ಆ ಕಾನೂನನ್ನು ಒಮ್ಮತದಿಂದ ರದ್ದುಪಡಿಸಿತು. ಕದ್ದ ಗುರುತಿನಿಂದಲೂ ಖಾತೆ ತೆರೆಯಬಹುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇದಕ್ಕೆ ವ್ಯತಿರಿಕ್ತವಾಗಿ, ನಿಜನಾಮವನ್ನೇ ಕೇಳದ ವಿಕಿಪೀಡಿಯ ಬೇರೊಂದು ದಾರಿ ಹಿಡಿದಿದೆ. ಅಲ್ಲಿಯೂ ಮೋಸವಿಲ್ಲದಿಲ್ಲ. ಕರಡು ಲೇಖನ ತಿರಸ್ಕೃತವಾದ ವ್ಯಾಪಾರಿಗಳನ್ನು ಹುಡುಕಿ, ಅದನ್ನು ಪ್ರಕಟಿಸಿಕೊಡಲು ಹಣ ಕೇಳುತ್ತಿದ್ದ ಜಾಲವೊಂದು ಬಯಲಾದಾಗ, 2015ರಲ್ಲಿ ಇಂಗ್ಲಿಷ್ ವಿಕಿಪೀಡಿಯದಲ್ಲಿ 381 ಖಾತೆಗಳನ್ನು ನಿರ್ಬಂಧಿಸಲಾಯಿತು. ಹಲವು ಖಾತೆಗಳ ಹಿಂದೆ ಒಬ್ಬರೇ ಇದ್ದಾರೆಯೇ ಎಂದು ಪತ್ತೆಹಚ್ಚಲು ಅಲ್ಲಿ ಚೆಕ್‌ಯೂಸರ್ ಎಂಬ ಸಾಧನವಿದೆ. ಖಾತೆಯೊಂದು ಯಾವ ಐಪಿ ವಿಳಾಸದಿಂದ (ಅಂತರ್ಜಾಲ ಸಂಪರ್ಕವನ್ನು ಗುರುತಿಸುವ ಸಂಖ್ಯೆ), ಯಾವ ಬ್ರೌಸರಿನಿಂದ ಕೆಲಸ ಮಾಡಿದೆ ಎಂಬುದನ್ನು ಅದು ತೋರಿಸುತ್ತದೆ. ಆದರೆ ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ ಕೆಲವರಿಗೆ ಮಾತ್ರ, ಅದೂ ಸುಮಾರು 90 ದಿನಗಳ ಹಿಂದಿನವರೆಗೆ ಮಾತ್ರ. ಸಕಾರಣವಿಲ್ಲದೆ ಯಾರ ಖಾತೆಯನ್ನೂ ಜಾಲಾಡುವಂತಿಲ್ಲ. ನೋಡಿದವರು ಯಾರು, ಯಾರನ್ನು, ಯಾವ ಕಾರಣಕ್ಕೆ ನೋಡಿದರು ಎಂಬುದೂ ದಾಖಲಾಗುತ್ತದೆ. ಒಂದು ವಿಕಿಯಲ್ಲಿ, ಉದಾಹರಣೆಗೆ ಒಂದು ಭಾಷೆಯ ವಿಕಿಪೀಡಿಯದಲ್ಲಿ, ಈ ಅಧಿಕಾರವುಳ್ಳವರಿದ್ದರೆ ಕನಿಷ್ಠ ಇಬ್ಬರಿರಬೇಕೆಂಬ ನಿಯಮವಿರುವುದು, ಒಬ್ಬರ ಕೆಲಸದ ಮೇಲೆ ಇನ್ನೊಬ್ಬರ ಕಣ್ಣಿರಲೆಂದೇ. ಕಾವಲುಗಾರನನ್ನೂ ಕಾಯುವ ಈ ಏರ್ಪಾಡೇ ನನಗೆ ಮುಖ್ಯವೆನಿಸುತ್ತದೆ.

ಹಾಗೆಂದು ಐಪಿ ವಿಳಾಸವೇ ಸಾಕ್ಷಿಯಲ್ಲ. ನಮ್ಮ ಮೊಬೈಲ್ ಜಾಲಗಳಲ್ಲಿ ಒಂದೇ ವಿಳಾಸವನ್ನು ಅನೇಕ ಚಂದಾದಾರರು ಹಂಚಿಕೊಂಡಿರಬಹುದು. ಒಂದು ಹಾಸ್ಟೆಲಿನ ವಿದ್ಯಾರ್ಥಿಗಳೆಲ್ಲ ಒಂದೇ ವೈಫೈನಿಂದ ಬರೆಯುತ್ತಿರಬಹುದು. ಆದ್ದರಿಂದ ಬರೆಯುವ ಹೊತ್ತು, ಆರಿಸಿಕೊಳ್ಳುವ ವಿಷಯ, ಮರುಕಳಿಸುವ ಕಾಗುಣಿತದ ತಪ್ಪು ಇವನ್ನೂ ಹೋಲಿಸಿ ನೋಡುತ್ತಾರೆ. ಇವೆಲ್ಲ ಎಲ್ಲರ ಕಣ್ಣಿಗೂ ಬೀಳುವ ಸಂಗತಿಗಳು ನಿಜ, ಆದರೆ ಯಂತ್ರದ ನೆರವಿನಿಂದ ಒಂದೆಡೆ ಕಲೆಹಾಕಿದಾಗ ಅವೇ ವ್ಯಕ್ತಿಯೊಬ್ಬನ ದಿನಚರಿಯನ್ನು ಬಿಚ್ಚಿಡಬಲ್ಲವು.

ವಿಚಿತ್ರವೆಂದರೆ, ಖಾತೆಯಿಲ್ಲದೆ ತಿದ್ದಿದವರ ಐಪಿ ವಿಳಾಸ ವಿಕಿಪೀಡಿಯದಲ್ಲಿ ವರ್ಷಗಟ್ಟಲೆ ಬಹಿರಂಗವಾಗಿಯೇ ಇತ್ತು. ಅದನ್ನು ಮರೆಮಾಡುವ ತಾತ್ಕಾಲಿಕ ಖಾತೆಗಳ ವ್ಯವಸ್ಥೆ 2024ರಿಂದೀಚೆಗಷ್ಟೇ ಒಂದೊಂದೇ ವಿಕಿಗೆ ಬಂತು. ಲೇಖನಗಳನ್ನು ಬೇಕೆಂದೇ ಕೆಡಿಸುವವರನ್ನು ಹಿಡಿಯುವುದು ಇದರಿಂದ ಕಷ್ಟವಾದೀತೆಂಬ ಆತಂಕಕ್ಕೆ ಉತ್ತರವಾಗಿ, ಅನುಭವಿ ಸಂಪಾದಕರಿಗೆ ಷರತ್ತಿನ ಮೇಲೆ ಆ ವಿಳಾಸವನ್ನು ನೋಡುವ ಅವಕಾಶ ಕೊಡಲಾಗಿದೆ.

ಆ 90 ದಿನಗಳ ಅವಧಿ ಮೀರಿದ ಮೇಲೆ ಮಾಹಿತಿ ಅಳಿಸಿಹೋಗುವುದರಿಂದ ಕೆಲವು ವಂಚಕರು ತಪ್ಪಿಸಿಕೊಳ್ಳುತ್ತಾರೆ. ಆ ನಷ್ಟವನ್ನು ತಿಳಿದೂ ಒಪ್ಪಿಕೊಳ್ಳಬೇಕೆಂಬುದು ನನ್ನ ನಿಲುವು. ಇಟ್ಟುಕೊಳ್ಳದ ಮಾಹಿತಿಯನ್ನು ಯಾರೂ ಕದಿಯಲಾರರು, ಯಾವ ಸರಕಾರವೂ ಕೇಳಿ ಪಡೆಯಲಾರದು.