ಒಂದೇ ಒಲೆ, ಹನ್ನೊಂದು ಮಂದಿ

ಕೇಳುಗರಿಗೆಲ್ಲ ನಮಸ್ಕಾರ.

ಹುಬ್ಬಳ್ಳಿಯ ನೃಪತುಂಗ ಬೆಟ್ಟಕ್ಕೆ ಬೆಳಿಗ್ಗೆ ವಾಕಿಂಗ್ ಹೋಗುವ ನಮ್ಮದೊಂದು ಬಳಗ ಇದೆ. ಹೆಚ್ಚಿನವರು ನಿವೃತ್ತರು. ಇಬ್ಬರು ಅಂಗಡಿಯವರು, ಒಬ್ಬ ಕಾಲೇಜು ಹುಡುಗ. ಬೆಟ್ಟ ಇಳಿದು ಚಹಾ ಕುಡಿಯುವಾಗ ಯಾರಾದರೊಬ್ಬರು "ಈ ಸಲ ಎಲ್ಲಿಗ್ರೀ?" ಅಂತ ಕೇಳಿಬಿಡುತ್ತಾರೆ. ಹೀಗೇ ಒಂದು ನವೆಂಬರಿನಲ್ಲಿ ಹನ್ನೊಂದು ಮಂದಿ ಪಶ್ಚಿಮ ಬಂಗಾಳದ ಸಂದಕ್‌ಫುಗೆ ಹೊರಟೆವು. 3,636 ಮೀಟರ್ ಎತ್ತರ. ಆ ರಾಜ್ಯದಲ್ಲಿ ಅದಕ್ಕಿಂತ ಎತ್ತರದ ಜಾಗ ಇಲ್ಲ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಅದರ ಮೇಲೆ ಹೆಚ್ಚುಕಡಿಮೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟ ಹಾಗೆ ಅಂದುಕೊಳ್ಳಿ. ಮಾನೇಭಂಜಂಗ್ ಎಂಬ ಊರಿನಿಂದ ನೇಪಾಳದ ಗಡಿಗುಂಟ ನಡೆಯಬೇಕು. ದಾರಿಯಲ್ಲಿ ಟುಮ್ಲಿಂಗ್, ಕಾಲಿಪೋಖ್ರಿ ಅಂತ ನಾಲ್ಕಾರು ಮನೆಗಳ ಊರುಗಳು. ರಾತ್ರಿ ಉಳಿಯುವುದು ಅಲ್ಲಿನ ಹಟ್‌ಗಳಲ್ಲಿ.

ಹಟ್ ಅಂದರೆ ಹೋಟೆಲ್ ಅಲ್ಲ. ಉದ್ದನೆಯ ಒಂದು ಕೋಣೆ, ಸಾಲಾಗಿ ಹಾಸಿಗೆ, ನಡುವೆ ಒಂದು ಒಲೆ. ಯಾರು ಬಂದರೂ ಅಲ್ಲೇ ಉಣ್ಣಬೇಕು, ಅಲ್ಲೇ ಮಲಗಬೇಕು. ಉಳವಿ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋದವರಿಗೆ, ಎಲ್ಲಮ್ಮನ ಗುಡ್ಡದಲ್ಲಿ ರಾತ್ರಿ ಕಳೆದವರಿಗೆ ಇದೇನು ಹೊಸದಲ್ಲ. ಆದರೆ ಜಾತ್ರೆಗೆ ಎಲ್ಲರೂ ಗುಂಪಾಗಿಯೇ ಬಂದಿರುತ್ತಾರೆ. ಹಟ್‌ಗೆ ಒಂಟಿಯಾಗಿ ಬಂದವರೂ ಇರುತ್ತಾರೆ. ನಾವು ಎಡವಿದ್ದು ಇಲ್ಲೇ.

ಕಾಲಿಪೋಖ್ರಿಗೆ ನಾವು ಮಧ್ಯಾಹ್ನ ಮೂರಕ್ಕೇ ತಲುಪಿದ್ದೆವು. ಪೋಖ್ರಿ ಅಂದರೆ ನೇಪಾಳಿಯಲ್ಲಿ ಕೊಳ. ಕಪ್ಪು ನೀರಿನ ಸಣ್ಣದೊಂದು ಕೊಳ ಆ ಊರಿನಲ್ಲಿದೆ. ಅದನ್ನು ನೋಡಿ ಬಂದು ಒಲೆ ಸುತ್ತ ಕೂತೆವು. ಕೂತೆವು ಅಂದರೆ, ಹನ್ನೊಂದು ಕುರ್ಚಿ ಎಳೆದುಕೊಂಡು ಕೋಟೆ ಕಟ್ಟಿದೆವು. ಹಗ್ಗದ ಮೇಲೆ ನಮ್ಮ ಕಾಲ್ಚೀಲ. ಖಾಲಿ ಹಾಸಿಗೆಗಳ ಮೇಲೆ ನಮ್ಮ ಬ್ಯಾಗು. ಅಂತ್ಯಾಕ್ಷರಿ ಬೇರೆ ಶುರುವಾಗಿತ್ತು. ಆರರ ಸುಮಾರಿಗೆ ಕೋಲ್ಕತ್ತದ ಒಬ್ಬ ಹಿರಿಯರು ಗೈಡ್ ಜೊತೆ ಒಳಗೆ ಬಂದರು. ದಾರಿಯಲ್ಲಿ ಮಳೆಗೆ ಸಿಕ್ಕಿದ್ದರು. ಬಾಗಿಲ ಹತ್ತಿರದ ಬೆಂಚಿನ ಮೇಲೆ ಕೂತು ಬೂಟು ಬಿಚ್ಚಿದರು. ಕಾಲ್ಚೀಲ ಹಿಂಡಿದರೆ ನೆಲಕ್ಕೆ ತಟತಟ ನೀರು ಬಿತ್ತು. ಅದು ನನಗೆ ಕಾಣಿಸಿತು. ಆದರೂ ನಾನು ಏಳಲಿಲ್ಲ. ನಮ್ಮಲ್ಲಿ ಯಾರೂ ಏಳಲಿಲ್ಲ. ಕೊನೆಗೆ ಹಟ್ ನಡೆಸುವ ಅಕ್ಕನೇ ಬಂದು, ಸ್ವಲ್ಪ ಸರಿಯಿರಿ ಅಂತ ಹಿಂದಿಯಲ್ಲಿ ಹೇಳಬೇಕಾಯಿತು.

ನಾವೇನು ಕೆಟ್ಟ ಮಂದಿಯಲ್ಲ. ರೈಲಿನಲ್ಲಿ ಬುತ್ತಿ ಬಿಚ್ಚಿದರೆ ಇಡೀ ಬೋಗಿಗೆ ಹಂಚುವವರು. ಆದರೆ ಹತ್ತು ಹನ್ನೆರಡು ಜನ ಕೂಡಿದರೆ ಎಲ್ಲಿ ಹೋದರೂ ಅದು ನಮ್ಮ ಮನೆಯೇ ಆಗಿಬಿಡುತ್ತದೆ. ಉಳಿದವರು ಕಣ್ಣಿಗೆ ಬೀಳುವುದಿಲ್ಲ. ಇವತ್ತು ನಾನು ಮಾತಾಡುವುದು ಅದರ ಬಗ್ಗೆ. ಬೇರೆಯವರೂ ಇರುವ ಹಟ್‌ನಲ್ಲಿ ಗುಂಪಾಗಿ ಹೇಗಿರಬೇಕು ಅಂತ.

ಮೊದಲು ಊಟದಿಂದ ಶುರು ಮಾಡೋಣ, ಅಲ್ವಾ? ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಹಾಗಾಗಿ ನೀರು ಕಡಿಮೆ ಬಿಸಿಗೇ ಕುದಿಯುತ್ತದೆ. ಸಂದಕ್‌ಫುದಂಥ ಎತ್ತರದಲ್ಲಿ ಸುಮಾರು 88 ಡಿಗ್ರಿಗೇ ಕುದಿ ಬರುತ್ತದೆ. ಕುದಿ ಬಂದರೂ ಅಕ್ಕಿ ಬೇಗ ಬೇಯುವುದಿಲ್ಲ, ಬೇಳೆಯಂತೂ ಸುಲಭಕ್ಕೆ ಕರಗುವುದೇ ಇಲ್ಲ. ಅದಕ್ಕೇ ಅಲ್ಲಿ ಕುಕ್ಕರ್ ಇಲ್ಲದೆ ನಡೆಯದು. ಇರುವುದು ಒಂದೋ ಎರಡೋ ಕುಕ್ಕರ್. ಅಂಥ ಅಡುಗೆಮನೆಯ ಮುಂದೆ ನಿಂತು ನಮ್ಮವರು ಒಬ್ಬರು ಮ್ಯಾಗಿ, ಒಬ್ಬರು ಚಪಾತಿ, ಒಬ್ಬರು ಫ್ರೈಡ್ ರೈಸ್, ಇನ್ನೊಬ್ಬರು ಈರುಳ್ಳಿ ಇಲ್ಲದ ಪಲ್ಯ ಅಂತ ಕೇಳಿದರು. ಆ ಅಕ್ಕ ನಗುನಗುತ್ತಲೇ ಬರೆದುಕೊಂಡಳು. ಕೊನೆಯ ತಾಟು ಬಂದಾಗ ರಾತ್ರಿ ಒಂಬತ್ತೂವರೆ. ಅಷ್ಟೂ ಹೊತ್ತು ಆ ಹಿರಿಯರು ಒಂದು ತಾಟು ಅನ್ನಕ್ಕೆ ಕಾಯುತ್ತಾ ಕೂತಿದ್ದರು.

ಗುಂಪಿಗೆ ಒಂದೇ ಅಡುಗೆ ಇರಲಿ. ಅನ್ನ, ಬೇಳೆ, ಆಲೂಗಡ್ಡೆ ಪಲ್ಯ, ಮುಗೀತು. ಸಂಜೆ ತಲುಪಿದ ಕೂಡಲೇ ಒಬ್ಬರು ಹೋಗಿ ಎಷ್ಟು ತಾಟು ಅಂತ ಒಂದೇ ಸಲ ಹೇಳಿ ಬರಬೇಕು. ಅದಕ್ಕಿಂತ ಒಳ್ಳೆಯದು ಮೊದಲೇ ಫೋನ್ ಮಾಡಿ ತಿಳಿಸುವುದು. ಕುಮಾರ ಪರ್ವತ ಹತ್ತಿದವರಿಗೆ ಗಿರಿಗದ್ದೆಯ ಭಟ್ಟರ ಮನೆ ಗೊತ್ತಿರುತ್ತದೆ. ಕಾಡಿನ ನಡುವೆ ಬಿಸಿ ಅನ್ನ, ಸಾಂಬಾರು, ಮಜ್ಜಿಗೆ ಸಿಕ್ಕ ಖುಷಿಯನ್ನು ಮರೆಯೋದು ಹೇಗೆ? ಆದರೆ ಅಂಥ ಮನೆಗೆ ಹೇಳದೆ ಕೇಳದೆ ಇಪ್ಪತ್ತು ಜನ ನುಗ್ಗಿದರೆ ಅವರಾದರೂ ಏನು ಮಾಡಬೇಕು? ಬರುತ್ತೇವೆ ಅಂತ ಹೇಳಿ ಹೋಗದೇ ಇರುವುದು ಇನ್ನೂ ಕೆಟ್ಟದ್ದು. ಅನ್ನ ಹಾಳಾಗುವುದು ಒಂದು. ಬೆಟ್ಟದಲ್ಲಿ ಹೇಳಿದವರು ಬಾರದಿದ್ದರೆ ದಾರಿ ತಪ್ಪಿರಬೇಕು ಅಂತ ಕತ್ತಲಲ್ಲಿ ಹುಡುಕಲು ಹೊರಡುವವರೂ ಇದ್ದಾರೆ.

ಸ್ವಿಟ್ಜರ್‌ಲೆಂಡಿನಲ್ಲಿ ಇಂಥ ಹಟ್‌ಗಳಿಗೆ ದೊಡ್ಡ ಇತಿಹಾಸವಿದೆ. ಅಲ್ಲಿನ ಆಲ್ಪೈನ್ ಕ್ಲಬ್ ಎಂಬ ಪರ್ವತಾರೋಹಿಗಳ ಸಂಘ ಹುಟ್ಟಿದ್ದು 1863ರಲ್ಲಿ. ಇವತ್ತು ಅದರ ಕೈಯಲ್ಲಿ ಸುಮಾರು 150 ಹಟ್‌ಗಳಿವೆ. ಆಲ್ಪ್ಸ್ ಬೆಟ್ಟಗಳ ಕಡೆ ಬೂಟು ಹೊರಗಿನ ಕೋಣೆಯಲ್ಲೇ ಬಿಡಬೇಕು. ಒಳಗೆ ಓಡಾಡಲು ಬೇರೆ ಚಪ್ಪಲಿ. ಕಂಬಳಿ ಅವರೇ ಕೊಡುತ್ತಾರೆ, ಆದರೆ ಅದರೊಳಗೆ ಹಾಸಿಕೊಳ್ಳುವ ತೆಳು ಬಟ್ಟೆಯ ಚೀಲವನ್ನು ನಾವೇ ಒಯ್ಯಬೇಕು. ಬೆಟ್ಟದ ಮೇಲೆ ದಿನಾ ಕಂಬಳಿ ಒಗೆಯಲು ನೀರೆಲ್ಲಿಂದ ಬರಬೇಕು? ನಮ್ಮಲ್ಲಿ ಹಳೇ ಕಾಟನ್ ಸೀರೆಯೊಂದನ್ನು ಎರಡು ಮಡಿಕೆ ಮಾಡಿ ಹೊಲಿದರೆ ಆಯಿತು, ಎಂಥ ಅಂಗಡಿಯ ಮಾಲೂ ಬೇಡ. ರಾತ್ರಿ ಹತ್ತಾದರೆ ಅಲ್ಲಿ ಮಾತಿಲ್ಲ, ದೀಪವಿಲ್ಲ. ಕಸವನ್ನು ಅವರವರೇ ಕೆಳಗೆ ಹೊತ್ತುಕೊಂಡು ಹೋಗಬೇಕು.

ನ್ಯೂಜಿಲೆಂಡಿನದು ನನಗೆ ಇನ್ನೂ ಇಷ್ಟ. ಅಲ್ಲಿ ಸರ್ಕಾರದ ಪರಿಸರ ಸಂರಕ್ಷಣಾ ಇಲಾಖೆಯ ಕೆಳಗೆ 950ಕ್ಕೂ ಹೆಚ್ಚು ಹಟ್‌ಗಳಿವೆ. ಬಹಳಷ್ಟು ಕಡೆ ನೋಡಿಕೊಳ್ಳುವವರು ಯಾರೂ ಇರುವುದಿಲ್ಲ. ಹೋದವರೇ ಯಜಮಾನರು, ಅವರೇ ಕಸಗುಡಿಸುವವರು. ನೀವು ಉರಿಸಿದಷ್ಟು ಸೌದೆಯನ್ನು ಕಡಿದು ಒಳಗೆ ಜೋಡಿಸಿ ಹೋಗಬೇಕು. ಮುಂದೆ ಬರುವವರು ಮಳೆಯಲ್ಲಿ ನೆನೆದು, ಕೈ ಮರಗಟ್ಟಿ ಬಂದಿರಬಹುದು. ಅವರಿಗೆ ಒಣ ಸೌದೆ ಸಿಗಬೇಕು. ಪ್ರತಿ ಹಟ್‌ನಲ್ಲೂ ಒಂದು ಪುಸ್ತಕ ಇಟ್ಟಿರುತ್ತಾರೆ. ಅಲ್ಲಿ ಉಳಿಯದಿದ್ದರೂ ಹೆಸರು, ಎಷ್ಟು ಜನ, ಮುಂದೆ ಯಾವ ದಾರಿ ಅಂತ ಬರೆಯಬೇಕು. ಯಾರಾದರೂ ಕಾಣೆಯಾದರೆ ಹುಡುಕುವವರು ಮೊದಲು ತೆರೆಯುವುದು ಆ ಪುಸ್ತಕವನ್ನೇ. ನಮ್ಮವರು ಇಂಥ ಪುಸ್ತಕ ಸಿಕ್ಕರೆ "ತುಂಬಾ ಚೆನ್ನಾಗಿದೆ" ಅಂತ ಬರೆದು, ಪಕ್ಕಕ್ಕೆ ಒಂದು ಹೂವಿನ ಚಿತ್ರ ಬಿಡಿಸಿ ಬರುತ್ತಾರೆ.

ಈಗ ಒಂದು ಅಪಾಯದ ಮಾತು. ಇದನ್ನು ಮಾತ್ರ ದಯವಿಟ್ಟು ಗಮನ ಕೊಟ್ಟು ಕೇಳಿ. ಚಳಿ ತಡೆಯದೆ ರಾತ್ರಿ ಕೆಂಡದ ಶೆಗಡಿಯನ್ನು ಮಲಗುವ ಕೋಣೆಯೊಳಗೆ ತಂದಿಟ್ಟುಕೊಳ್ಳುವವರಿದ್ದಾರೆ. ಗುಂಪಿದ್ದರೆ ಈ ಧೈರ್ಯ ಜಾಸ್ತಿ. ಚಳಿಗೆ ಕಿಟಕಿ ಬಾಗಿಲು ಮುಚ್ಚಿರುತ್ತವೆ. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಮಲಗಿದಲ್ಲೇ ಹೋಗಿಬಿಡುತ್ತಾರೆ. ಮೊದಲ ಲಕ್ಷಣ ತಲೆನೋವು, ವಾಕರಿಕೆ. ಎತ್ತರದ ಜಾಗಕ್ಕೆ ಮೈ ಒಗ್ಗದಿದ್ದಾಗಲೂ ತಲೆನೋವು, ವಾಕರಿಕೆಯೇ. ಹಾಗಾಗಿ "ಎತ್ತರದ್ದು, ಮಲಗಿದರೆ ಸರಿಹೋಗುತ್ತೆ" ಅಂತ ಮತ್ತೆ ಅದೇ ಕೋಣೆಯಲ್ಲಿ ಮಲಗುತ್ತಾರೆ. ಒಂದೇ ಕೋಣೆಯಲ್ಲಿ ಮೂರ್ನಾಲ್ಕು ಜನರಿಗೆ ಒಟ್ಟಿಗೆ ತಲೆ ನೋಯತೊಡಗಿದರೆ ಚರ್ಚೆ ಬೇಡ. ಬಾಗಿಲು ತೆರೆದು ಎಲ್ಲರೂ ಹೊರಗೆ ಬನ್ನಿ. ಚಳಿಯಾದರೆ ಆಗಲಿ. ಶೆಗಡಿ ಅಂಗಳದಲ್ಲಿರಲಿ, ಒಳಗೆ ಇನ್ನೊಂದು ಕಂಬಳಿ ಹೊದೆಯಿರಿ.

ಇನ್ನು ನಿಜವಾಗಿ ಎತ್ತರದಿಂದಲೇ ತಲೆನೋವು ಬಂದಿದ್ದರೆ, ಗುಂಪಿನ ಸಲುವಾಗಿ ಯಾರೂ ಅದನ್ನು ಮುಚ್ಚಿಡಬಾರದು. 3,000 ಮೀಟರ್ ದಾಟಿದ ಮೇಲೆ ನಿನ್ನೆ ಮಲಗಿದ್ದಕ್ಕಿಂತ ಇವತ್ತು 500 ಮೀಟರಿಗೂ ಹೆಚ್ಚು ಮೇಲೆ ಹೋಗಿ ಮಲಗಬೇಡಿ ಅಂತ ವೈದ್ಯರು ಹೇಳುತ್ತಾರೆ. ಜಾಸ್ತಿಯಾದರೆ ಔಷಧಿ ಹುಡುಕುತ್ತಾ ಕೂರಬಾರದು, ಇಳಿಯಬೇಕು. ಮದ್ಯ ಕುಡಿದರೆ ಮೈ ಬೆಚ್ಚಗಾಗುತ್ತದೆ ಅನ್ನುವುದು ಸುಮ್ನೆ ಮಾತು. ಚರ್ಮ ಬಿಸಿಯಾದಂತೆ ಅನಿಸುತ್ತದೆ, ಒಳಗಿನ ಶಾಖ ಹೊರಗೆ ಹೋಗುತ್ತಿರುತ್ತದೆ.

ಚಿಕ್ಕಪುಟ್ಟವು ಕೆಲವಿವೆ. ಸೋಲಾರ್ ದೀಪದ ಬ್ಯಾಟರಿಗೆ ಹನ್ನೊಂದು ಫೋನ್ ಚುಚ್ಚಬೇಡಿ. ನಾವು ಚುಚ್ಚಿದೆವು, ಎಂಟು ಗಂಟೆಗೆ ಅಡುಗೆಮನೆಯ ದೀಪವೇ ಹೋಯಿತು. ಪವರ್ ಬ್ಯಾಂಕ್ ಒಯ್ಯಿರಿ, ರಾತ್ರಿ ಅದನ್ನೂ ಫೋನನ್ನೂ ಹೊದಿಕೆಯೊಳಗೆ ಇಟ್ಟುಕೊಳ್ಳಿ. ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ. ಒದ್ದೆ ಬೂಟನ್ನು ಒಲೆಗೆ ತೀರಾ ಹತ್ತಿರ ಇಡಬೇಡಿ. ನಮ್ಮ ಅಂಗಡಿಯ ಗೆಳೆಯರೊಬ್ಬರ ಬೂಟಿನ ಅಂಟು ಕರಗಿ ಅಟ್ಟೆ ಬಾಯಿಬಿಟ್ಟಿತು. ಮುಂದಿನ ಎರಡು ದಿನ ಅದಕ್ಕೆ ಸುತಳಿ ಕಟ್ಟಿಕೊಂಡು ನಡೆದರು. ಗೊರಕೆ ಹೊಡೆಯುವವರು ಮೊದಲೇ ಹೇಳಿ ಮೂಲೆಯ ಹಾಸಿಗೆ ಹಿಡಿಯಲಿ. ಉಳಿದವರ ಕಿವಿಗೆ ಹತ್ತಿ. ಹುಬ್ಬಳ್ಳಿಯವರಿಗೆ ಹತ್ತಿಗೇನು ಬರ?

ಎಲ್ಲಕ್ಕಿಂತ ದೊಡ್ಡ ಕಾಟ ಬೆಳಗಿನ ಜಾವದ್ದು. ಮೋಡ ಏಳುವ ಮೊದಲು ಕಾಂಚನಜುಂಗಾ ನೋಡಬೇಕು ಅಂತ ನಾವು ನಾಲ್ಕಕ್ಕೇ ಎದ್ದೆವು. ನೋಡಬಾರದು ಅಂತಲ್ಲ. ಆದರೆ ಹನ್ನೊಂದು ಟಾರ್ಚ್ ಒಟ್ಟಿಗೆ ಹೊತ್ತಿದವು. ಹನ್ನೊಂದು ಬ್ಯಾಗಿನ ಜಿಪ್ಪು. ಪ್ಲಾಸ್ಟಿಕ್ ಚೀಲಗಳ ಪರಪರ. "ನನ್ನ ಮಂಕಿ ಕ್ಯಾಪ್ ಎಲ್ಲೈತ್ರೀ?" ಅಂತ ಒಬ್ಬರು ಪಿಸುಗುಟ್ಟಿದ್ದು ಇಡೀ ಕೋಣೆಗೆ ಕೇಳಿಸಿತು. ರಾತ್ರಿಯೇ ಬ್ಯಾಗು ಕಟ್ಟಿ ಬಾಗಿಲ ಹೊರಗೆ ಇಟ್ಟಿದ್ದರೆ ಇದ್ಯಾವುದೂ ಬೇಕಿರಲಿಲ್ಲ. ಸಾಲದ್ದಕ್ಕೆ ನನಗೆ ಹಸಿವು. ಮನೆಯಿಂದ ತಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ಹಾಸಿಗೆಯಲ್ಲೇ ಬಿಚ್ಚಿದೆ. ಬೆಟ್ಟಕ್ಕೆ ಅದರಂಥ ಬುತ್ತಿ ಇಲ್ಲ, ಕೆಡುವುದಿಲ್ಲ, ಬೇಯಿಸಬೇಕಿಲ್ಲ. ಆದರೆ ಕತ್ತಲಲ್ಲಿ ಖಡಕ್ ರೊಟ್ಟಿ ಮುರಿದು ನೋಡಿದ್ದೀರಾ? ಸದ್ದಾಗಬಾರದು ಅಂತ ಮೆಲ್ಲಗೆ ಮುರಿದಷ್ಟೂ ಅದು ಹೆಚ್ಚು ಹೊತ್ತು ಕಟಕಟ ಅನ್ನುತ್ತದೆ. ಬಾಯೊಳಗೆ ಇಟ್ಟ ಮೇಲಂತೂ ಕೇಳಲೇಬೇಡಿ.

ಆ ದಿನ ಕಡಿದಾದ ಏರು ಹತ್ತಿ ಮಧ್ಯಾಹ್ನ ಸಂದಕ್‌ಫು ಮುಟ್ಟಿದೆವು. ದಾರಿಯಲ್ಲಿ ನಾಲ್ಕು ಮಾತು ಆಡಿಕೊಂಡಿದ್ದೆವು. ಹಾಗಾಗಿ ಒಲೆಯ ಹತ್ತಿರ ಐದೇ ಜನ ಕೂತೆವು, ಉಳಿದವರು ಹಾಸಿಗೆ ಮೇಲೆ. ಅರ್ಧ ಗಂಟೆಗೊಮ್ಮೆ ಅದಲು ಬದಲು. ಬಾಗಿಲ ಕಡೆಯ ಎರಡು ಕುರ್ಚಿ ಖಾಲಿ. ಹಿರಿಯರು ನಾಲ್ಕಕ್ಕೆ ಬಂದರು. ಕಾಲೇಜು ಹುಡುಗ ಅವರ ಕೋಟು ಇಸಿದುಕೊಂಡು ಒಣಹಾಕಿದ. ಚಹಾ ಬಂತು. ನಾನು ಡಬ್ಬಿ ತೆಗೆದು ಒಂದು ರೊಟ್ಟಿ ಮುಂದೆ ಹಿಡಿದೆ. ಅವರು ತೆಗೆದುಕೊಂಡು, ತಿರುಗಿಸಿ ನೋಡಿ, ಒಂದು ತುಂಡು ಮುರಿದರು. ಕಟ್ ಅಂತು. ಕೈ ಅಲ್ಲೇ ನಿಂತಿತು. ನನ್ನ ಮುಖವನ್ನೇ ನೋಡುತ್ತಾ ಹಿಂದಿಯಲ್ಲಿ ಹೇಳಿದರು:

"ಬೆಳಗಿನ ಜಾವ ಇದೇನಾ? ನಾನು ಇಲಿ ಅಂದುಕೊಂಡು, ಎದ್ದು ಬಿಸ್ಕತ್ತಿನ ಚೀಲ ಗೋಡೆಗೆ ನೇತು ಹಾಕಿದೆ!"