ಕಾನೂನು ಕದ್ದ ಗುಮಾಸ್ತ

ಕೇಳುಗರೆಲ್ಲರಿಗೂ ನಮಸ್ಕಾರ.

ಇಂದಿನ ಸರ್ಕಾರಗಳಿಗೆ ಪ್ರಾಚೀನ ರೋಮನ್ನರು ಏನು ಕೊಟ್ಟರು ಅಂತ ಯಾರನ್ನಾದರೂ ಕೇಳಿ, ಮೊದಲು ಬರುವ ಉತ್ತರ ಸೆನೆಟ್. ಅಮೆರಿಕದವರು ತಮ್ಮ ಮೇಲ್ಮನೆಗೆ ಅದೇ ಹೆಸರಿಟ್ಟುಕೊಂಡರು. ಅದು ಸೇರುವ ಕಟ್ಟಡಕ್ಕೂ ರೋಮಿನ ಒಂದು ಗುಡ್ಡದ ಹೆಸರೇ. ಇದೆಲ್ಲ ಸರಿ. ಆದರೆ ಕಂಬ, ಗುಮ್ಮಟ, ಹೆಸರು ಇವೆಲ್ಲ ಕಣ್ಣಿಗೆ ಬೇಗ ಬೀಳುತ್ತವೆ ಅಷ್ಟೇ. ನನಗೆ ದೊಡ್ಡದು ಅನ್ನಿಸುವುದು ಒಬ್ಬ ಗುಮಾಸ್ತ ಮಾಡಿದ ಕೆಲಸ. ಅವನ ಹೆಸರು ಗ್ನೇಯಸ್ ಫ್ಲೇವಿಯಸ್.

ಅವನ ವಿಷಯಕ್ಕೆ ಬರುವ ಮೊದಲು ಸ್ವಲ್ಪ ಹಿಂದೆ ಹೋಗಬೇಕು. ರೋಮಿನಲ್ಲಿ ಮೊದಮೊದಲು ಕಾನೂನು ಬರಹದಲ್ಲಿರಲಿಲ್ಲ. ಹಳೇ ಮನೆತನದವರು, ಅವರಲ್ಲೇ ಇದ್ದ ಪುರೋಹಿತರು, ಹೇಳಿದ್ದೇ ಕಾನೂನು. ಸಾಲ ಮಾಡಿ ಸೋತ ಸಾಮಾನ್ಯ ಜನಕ್ಕೆ ಇದು ಸಾಕಾಗಿ ಹೋಯಿತು. ಕ್ರಿ.ಪೂ. 494ರಲ್ಲಿ ಅವರು ಊರನ್ನೇ ಬಿಟ್ಟು ಒಂದು ಗುಡ್ಡದ ಮೇಲೆ ಹೋಗಿ ಕೂತರು ಅಂತ ರೋಮನ್ನರೇ ಹೇಳಿಕೊಂಡಿದ್ದಾರೆ. ಯುದ್ಧಕ್ಕೂ ಬರುವುದಿಲ್ಲ ಅಂದರು. ಶ್ರೀಮಂತರು ಇಳಿದು ಬಂದರು. ಜನರ ಪರವಾಗಿ ಟ್ರಿಬ್ಯೂನ್ ಎಂಬ ಪ್ರತಿನಿಧಿಗಳು ಬಂದರು. ಟ್ರಿಬ್ಯೂನ್ ಅಡ್ಡ ಬಂದರೆ ಎಂಥ ದೊಡ್ಡ ಅಧಿಕಾರಿಯ ಆದೇಶವೂ ಅಲ್ಲಿಗೇ ನಿಲ್ಲುತ್ತಿತ್ತು. ವಿಶ್ವಸಂಸ್ಥೆಯಲ್ಲಿ ಇವತ್ತು ವೀಟೋ ಅಂತೀವಲ್ಲ, ಅದರ ಬೇರು ಇಲ್ಲಿದೆ. ಒಂದೇ ವ್ಯತ್ಯಾಸ. ರೋಮಿನಲ್ಲಿ ಅದು ಬಡವರ ಕೈಯಲ್ಲಿತ್ತು, ಈಗ ಬಲಾಢ್ಯ ದೇಶಗಳ ಕೈಯಲ್ಲಿದೆ.

ಜನರ ಮುಂದಿನ ಬೇಡಿಕೆ, ಕಾನೂನನ್ನು ಬರೆದು ನೇತುಹಾಕಿ ಅನ್ನುವುದು. ಕ್ರಿ.ಪೂ. 451-450ರಲ್ಲಿ ಹತ್ತು ಜನ ಕೂತು ಹನ್ನೆರಡು ಫಲಕ ಬರೆದರು. ಅದರ ಶುರುವೇ ಚೆನ್ನಾಗಿದೆ. ಕೋರ್ಟಿಗೆ ಕರೆದರೆ ಹೋಗಲೇಬೇಕು. ಕರೆಸಿಕೊಂಡವನಿಗೆ ಕಾಯಿಲೆಯೋ ಮುಪ್ಪೋ ಇದ್ದರೆ, ಕರೆದವನೇ ಅವನಿಗೆ ಗಾಡಿ ಮಾಡಿಕೊಡಬೇಕು. ಆದರೆ ಮೆತ್ತೆ ಹಾಸಿದ ಗಾಡಿಯೇ ಬೇಕು ಅಂತ ಅವನು ಹಟ ಹಿಡಿಯುವಂತಿಲ್ಲ! ಎರಡೂವರೆ ಸಾವಿರ ವರ್ಷದ ಹಿಂದೆ ಯಾರೋ ಕೂತು ಇಷ್ಟು ಸಣ್ಣದನ್ನೂ ಯೋಚಿಸಿದ್ದಾರೆ ನೋಡಿ.

ಸರಿ, ಕಾನೂನು ಬರಹಕ್ಕೆ ಬಂತು. ಜನ ಗೆದ್ದರು ಅಂದುಕೊಂಡಿರಾ? ಇಲ್ಲ. ದಾವೆ ಹೂಡುವಾಗ ಯಾವ ಮಾತು ಆಡಬೇಕು ಅನ್ನುವುದು ಪುರೋಹಿತರ ಗುಟ್ಟಾಗಿಯೇ ಉಳಿಯಿತು. ಒಂದು ಪದ ತಪ್ಪಿದರೂ ದಾವೆ ಬಿದ್ದುಹೋಗುತ್ತಿತ್ತು. ಗೇಯಸ್ ಎಂಬ ಕಾನೂನು ಪಂಡಿತ ಇದಕ್ಕೆ ಒಂದು ಉದಾಹರಣೆ ಕೊಡುತ್ತಾನೆ. ಒಬ್ಬನ ದ್ರಾಕ್ಷಿ ಬಳ್ಳಿಗಳನ್ನು ಇನ್ನೊಬ್ಬ ಕಡಿದುಹಾಕಿದ. ಬಳ್ಳಿಯವನು ದಾವೆ ಹೂಡಿ, ನನ್ನ ಬಳ್ಳಿ ಕಡಿದ ಅಂದ. ಸೋತ. ಯಾಕೆ? ಫಲಕದಲ್ಲಿ ಇದ್ದದ್ದು ಮರ ಕಡಿದವನ ಬಗ್ಗೆ. ಅವನು ನನ್ನ ಮರ ಕಡಿದ ಅನ್ನಬೇಕಿತ್ತಂತೆ. ಪಾಪ, ಬಳ್ಳಿಯೂ ಹೋಯಿತು, ಕೇಸೂ ಹೋಯಿತು.

ಕೋರ್ಟು ಯಾವ ದಿನ ನಡೆಯುತ್ತದೆ ಅನ್ನುವುದೂ ಗುಟ್ಟೇ. ವರ್ಷದ ಕೆಲವು ದಿನ ದಾವೆ ನಡೆಯಬಹುದು, ಕೆಲವು ದಿನ ನಡೆಯಬಾರದು. ಆ ಪಂಚಾಂಗ ಇದ್ದದ್ದು ಪುರೋಹಿತರ ಬಳಿ ಮಾತ್ರ. ಸಾಮಾನ್ಯನೊಬ್ಬ ತನ್ನ ತಾರೀಖು ತಿಳಿಯಲು ಅವರ ಮನೆ ಬಾಗಿಲಿಗೇ ಹೋಗಬೇಕಿತ್ತು.

ಇಲ್ಲಿ ಬರುತ್ತಾನೆ ನಮ್ಮ ಫ್ಲೇವಿಯಸ್. ಗುಲಾಮಗಿರಿಯಿಂದ ಬಿಡುಗಡೆಯಾದವನ ಮಗ. ಅಪ್ಪಿಯಸ್ ಕ್ಲಾಡಿಯಸ್ ಎಂಬ ದೊಡ್ಡ ಮನುಷ್ಯನ ಬಳಿ ಬರೆಯುವ ಕೆಲಸ ಮಾಡುತ್ತಿದ್ದ. ದಾವೆಯ ಮಾತುಗಳನ್ನೆಲ್ಲ ಅಪ್ಪಿಯಸ್ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದ. ಫ್ಲೇವಿಯಸ್ ಅದನ್ನು ಕದ್ದು ಜನರ ಕೈಗೆ ಕೊಟ್ಟುಬಿಟ್ಟ ಅನ್ನುತ್ತದೆ ಒಂದು ಹಳೇ ಬರಹ. ಅಪ್ಪಿಯಸ್ಸೇ ಸುಮ್ನೆ ಕಣ್ಣು ಮುಚ್ಚಿಕೊಂಡಿದ್ದ ಅಂತ ನನ್ನ ಅನುಮಾನ. ಆಮೇಲೆ ಕೋರ್ಟಿನ ಪಂಚಾಂಗವನ್ನು ಬಿಳಿ ಹಲಗೆಗಳ ಮೇಲೆ ಬರೆಸಿ, ಊರ ನಡುವಿನ ಚೌಕದ ಸುತ್ತ ಎಲ್ಲರಿಗೂ ಕಾಣುವಂತೆ ಇಡಿಸಿದ. ಜನ ಅವನನ್ನು ಕ್ರಿ.ಪೂ. 304ರಲ್ಲಿ ಈಡೈಲ್ ಹುದ್ದೆಗೆ ಆರಿಸಿದರು. ಊರಿನ ಸಂತೆ, ರಸ್ತೆ, ಕಟ್ಟಡ ನೋಡಿಕೊಳ್ಳುವ ಹುದ್ದೆ ಅದು.

ಇತಿಹಾಸಕಾರ ಲಿವಿ ಒಂದು ಸಂಗತಿ ಬರೆದಿದ್ದಾನೆ. ಫ್ಲೇವಿಯಸ್ ಒಮ್ಮೆ ಕಾಯಿಲೆ ಬಿದ್ದ ತನ್ನ ಜೊತೆಯ ಅಧಿಕಾರಿಯನ್ನು ನೋಡಲು ಹೋದ. ಅಲ್ಲಿ ದೊಡ್ಡ ಮನೆತನದ ಹುಡುಗರು ಕೂತಿದ್ದರು. ಗುಮಾಸ್ತನಿಗೆ ಎದ್ದು ನಿಲ್ಲಬಾರದು ಅಂತ ಮೊದಲೇ ಮಾತಾಡಿಕೊಂಡಿದ್ದರು. ಒಬ್ಬನೂ ಏಳಲಿಲ್ಲ. ಇವನು ಜಗಳಕ್ಕೆ ಹೋಗಲಿಲ್ಲ. ತನ್ನ ಅಧಿಕಾರದ ಕುರ್ಚಿಯನ್ನು ಅಲ್ಲಿಗೇ ತರಿಸಿದ. ಅದರ ಮೇಲೆ ಕೂತು, ಹೊಟ್ಟೆಕಿಚ್ಚಿನಿಂದ ಬೇಯುತ್ತಿದ್ದ ಅವರನ್ನು ನೋಡಿದ.

ಹೀಗೆ ಬಯಲಿಗೆ ಬಂದ ಕಾನೂನು ಬಯಲಲ್ಲೇ ಉಳಿಯಿತಾ? ಹಗ್ಗಜಗ್ಗಾಟ ನಡೆದೇ ಇತ್ತು. ಈಗ ಸಂಸತ್ತಿನ ಕಲಾಪ ಟಿವಿಯಲ್ಲಿ ಬರುತ್ತದೆ, ನಮ್ಮ ಹೈಕೋರ್ಟಿನ ವಾದವನ್ನು ಯೂಟ್ಯೂಬಿನಲ್ಲಿ ನೋಡಬಹುದು. ಕ್ರಿ.ಪೂ. 59ರಲ್ಲಿ ಜೂಲಿಯಸ್ ಸೀಸರ್ ಅಧಿಕಾರಕ್ಕೆ ಬಂದ ಕೂಡಲೇ ಮಾಡಿದ್ದೂ ಇಂಥದ್ದೇ. ಸೆನೆಟಿನಲ್ಲಿ ನಡೆದದ್ದನ್ನು ದಿನಾ ಬರೆದು ಪ್ರಕಟಿಸಿ ಅಂದ. ಸೆನೆಟಿನಲ್ಲಿ ಅವನ ವಿರೋಧಿಗಳು ಜಾಸ್ತಿ ಇದ್ದರು ಅನ್ನುವುದನ್ನೂ ಮರೆಯಬಾರದು. ಅವನ ವಾರಸುದಾರ ಅಗಸ್ಟಸ್ ಚಕ್ರವರ್ತಿಯಾದ ಮೇಲೆ ಆ ಪ್ರಕಟಣೆಯನ್ನು ನಿಲ್ಲಿಸಿದ. ಇನ್ನು ಮುಂದೆ ಕ್ಯಾಲಿಗುಲ ಚಕ್ರವರ್ತಿಯಾಗಿ ಬಂದಾಗ ಕೇಳಲೇಬೇಡಿ. ಹೊಸ ತೆರಿಗೆ ಹಾಕಿದ, ಯಾರಿಗೂ ತಿಳಿಸಲಿಲ್ಲ. ಗೊತ್ತಿಲ್ಲದೆ ತಪ್ಪು ಮಾಡಿ ಸಿಕ್ಕಿಬಿದ್ದ ಜನ ಗಲಾಟೆ ಮಾಡಿದರು. ಕೊನೆಗೆ ಕಾನೂನನ್ನು ಹಾಕಿಸಿದ, ಆದರೆ ಹೇಗೆ? ತೀರಾ ಇಕ್ಕಟ್ಟಿನ ಜಾಗದಲ್ಲಿ, ಯಾರೂ ನಕಲು ಮಾಡಿಕೊಳ್ಳಲಾಗದಷ್ಟು ಸಣ್ಣ ಅಕ್ಷರದಲ್ಲಿ. ಇವತ್ತು ಮೊಬೈಲ್ ಆ್ಯಪ್ ಹಾಕಿಕೊಳ್ಳುವಾಗ ನಾವು ಓದದೆ ಒಪ್ಪಿಕೊಳ್ಳುವ ಷರತ್ತುಗಳಿವೆಯಲ್ಲ, ಹೆಚ್ಚುಕಡಿಮೆ ಹಾಗೆ.

ಕ್ರಿ.ಶ. 533ರಲ್ಲಿ, ರೋಮನ್ ಸಾಮ್ರಾಜ್ಯದ ಪೂರ್ವ ಭಾಗದ ರಾಜಧಾನಿಯಾಗಿದ್ದ ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಅಂದರೆ ಇಂದಿನ ಇಸ್ತಾಂಬುಲ್‌ನಲ್ಲಿ, ಚಕ್ರವರ್ತಿ ಜಸ್ಟಿನಿಯನ್ ಹಳೇ ಪಂಡಿತರ ಬರಹಗಳನ್ನೆಲ್ಲ ಸೋಸಿಸಿ ಐವತ್ತು ಭಾಗಗಳ ಸಂಗ್ರಹ ಹೊರತಂದ. ಮೂವತ್ತು ಲಕ್ಷ ಸಾಲು ಇದ್ದದ್ದು ಒಂದೂವರೆ ಲಕ್ಷಕ್ಕೆ ಇಳಿಯಿತು. ಮುಂದೆ ಇಟಲಿಯ ಬೊಲೋನ್ಯಾದಲ್ಲಿ ಹುಡುಗರು ಕಾನೂನು ಕಲಿತದ್ದು, ಯುರೋಪಿನ ಬಹುಪಾಲು ದೇಶಗಳ ಕಾನೂನು ಬೆಳೆದದ್ದು ಇದರ ಮೇಲೆ. ಆದರೆ ಆ ಸಂಗ್ರಹ ಇದ್ದದ್ದು ಲ್ಯಾಟಿನ್‌ನಲ್ಲಿ, ಸುತ್ತಲಿನ ಜನ ಆಡುತ್ತಿದ್ದದ್ದು ಗ್ರೀಕ್. ಎರಡು ವರ್ಷದ ನಂತರ ಹೊಸದೊಂದು ಕಾನೂನು ತಂದಾಗ ಜಸ್ಟಿನಿಯನ್ನನೇ ಹೇಳಿದ: ಇದನ್ನು ಪೂರ್ವಿಕರ ಭಾಷೆಯಲ್ಲಿ ಬರೆದಿಲ್ಲ, ಎಲ್ಲರಿಗೂ ಸುಲಭವಾಗಿ ತಿಳಿಯಲಿ ಅಂತ ಗ್ರೀಕಿನಲ್ಲೇ ಬರೆದಿದ್ದೇವೆ. ಇಂಗ್ಲಿಷ್ ತೀರ್ಪನ್ನು ಕೈಯಲ್ಲಿ ಹಿಡಿದು ವಕೀಲರ ಮುಖ ನೋಡುವ ನಮ್ಮ ಕಕ್ಷಿದಾರರಿಗೆ ಈ ಮಾತಿನ ಬೆಲೆ ಗೊತ್ತು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಈ ಕಾನೂನಿನ ಕಣ್ಣಿಗೆ ಗುಲಾಮ ಬರೀ ಆಸ್ತಿ. ರೋಮನ್ನರನ್ನು ತಲೆ ಮೇಲೆ ಹೊತ್ತು ಮೆರೆಸುವ ಅಗತ್ಯ ಏನೂ ಇಲ್ಲ.

1804ರಲ್ಲಿ ನೆಪೋಲಿಯನ್ ತಂದ ಫ್ರಾನ್ಸಿನ ಕಾನೂನು ಸಂಹಿತೆ ರೋಮಿನಿಂದ ಬಹಳಷ್ಟು ಪಡೆದಿದೆ. ಅದರ ಮೊದಲ ಕಲಮೇ ಕಾನೂನು ಯಾವಾಗಿನಿಂದ ಜಾರಿಗೆ ಬರುತ್ತದೆ ಅನ್ನುವುದರ ಬಗ್ಗೆ. ಸುದ್ದಿ ಜನಕ್ಕೆ ಮುಟ್ಟಬಹುದಾದ ಹೊತ್ತಿನಿಂದ ಅನ್ನುತ್ತಿತ್ತು ಆಗ ಅದು. ರಾಜಧಾನಿ ಇರುವ ಜಿಲ್ಲೆಗೆ ಒಂದು ದಿನ. ಅಲ್ಲಿಂದಾಚೆಗೆ ನೂರು ಕಿಲೋಮೀಟರಿಗೆ ಇನ್ನೊಂದು ದಿನದ ಲೆಕ್ಕ. ಕುದುರೆಯ ಮೇಲೆ ಸುದ್ದಿ ಓಡುತ್ತಿದ್ದ ಕಾಲ ಅಲ್ವಾ.

ನಮ್ಮ ದೇಶಕ್ಕೆ ಕಾನೂನು ಬಂದದ್ದು ಜಾಸ್ತಿಯಾಗಿ ಇಂಗ್ಲೆಂಡಿನ ದಾರಿಯಲ್ಲಿ, ನೇರ ರೋಮಿನಿಂದಲ್ಲ. ಆದರೂ ಫ್ಲೇವಿಯಸ್ ಎತ್ತಿದ ಪ್ರಶ್ನೆ ನಮ್ಮ ಸುಪ್ರೀಂ ಕೋರ್ಟಿನ ಮುಂದೆಯೂ ಬಂತು. 1923ರಲ್ಲಿ ಜೈಪುರ ಸಂಸ್ಥಾನದ ಮಂತ್ರಿಮಂಡಲ ಅಫೀಮಿನ ಬಗ್ಗೆ ಒಂದು ಕಾಯ್ದೆ ಮಾಡಿತ್ತು. ಠರಾವು ಪಾಸಾಯಿತು, ಗೆಜೆಟ್‌ನಲ್ಲಿ ಮಾತ್ರ ಬರಲಿಲ್ಲ. ವರ್ಷಗಳ ನಂತರ ಆ ಕಾಯ್ದೆಯ ಕೆಳಗೆ ಒಬ್ಬ ಮನುಷ್ಯನಿಗೆ 50 ರೂಪಾಯಿ ದಂಡ ಬಿತ್ತು. ಅವನು ಬಿಡಲಿಲ್ಲ, ದೆಹಲಿಯವರೆಗೂ ಹೋದ. 1951ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು: ಕೋಣೆಯೊಳಗೆ ಪಾಸು ಮಾಡಿ ಇಟ್ಟುಕೊಂಡದ್ದು ಕಾನೂನಾಗುವುದಿಲ್ಲ, ಅದನ್ನು ಯಾವುದಾದರೂ ರೀತಿಯಲ್ಲಿ ಜನಕ್ಕೆ ತಿಳಿಸಲೇಬೇಕು. ಶಿಕ್ಷೆ ರದ್ದಾಯಿತು. ದಂಡ ಕಟ್ಟಿದ್ದರೆ ಅದನ್ನು ವಾಪಸ್ ಕೊಡಿ ಅಂತಲೂ ಆದೇಶವಾಯಿತು.

ನಮಸ್ಕಾರ.